ಹಾಲು ಬಿಡ್ರಿ, ಸೊಂಟದ ಸಲುವಾಗಿ ಮಾತ್ರ ಬಿಡಬ್ಯಾಡ್ರಿ

ಹಾಲು-ಮೊಸರು-ತುಪ್ಪ ಬಿಡೋರ ಮ್ಯಾಲೆ ನಂದೇನೂ ಸಿಟ್ಟಿಲ್ಲ. ಇದನ್ನ ಮೊದಲಿಗೇ ಹೇಳಿಬಿಡ್ತೇನಿ, ಯಾಕಂದ್ರ ಇದನ್ನ ಓದಿದ ಮ್ಯಾಲೆ ನಮ್ಮ ಓಣ್ಯಾಗಿನ ಎರಡ-ಮೂರ ಹುಡುಗ್ಯಾರು 'ಕಾಕುಗೆ ಹೊಸಾದು ಯಾವದೂ ಸೇರೂದಿಲ್ಲ' ಅಂತ ಮಾರಿ ಉಬ್ಬಸ್ತಾರ. ಸೇರ್ತದವಾ. ಕರುವಿನ ಪಾಲಿನ ಹಾಲು ನಾವು ಕಸಗೊಂಡು ಕುಡೀತೀವಿ ಅಂತ ಮನಸ್ಸಿಗೆ ಹತ್ತಿ ಯಾರರೆ ಹಾಲು ಬಿಟ್ರ, ಅವರ ತಾಟಿಗೆ ನಾನೇ ತುಪ್ಪಾ ಹಾಕದ ಹೋಳಿಗಿ ಬಡಸ್ತೇನಿ. ನನ್ನ ಜಗಳ ಇರೋದು ಬಿಡೋದರ ಜೋಡಿ ಅಲ್ಲ, ಬಿಡೋ ಕಾರಣದ ಜೋಡಿ. 'ಅಕಿ ಬಿಟ್ಟಾಳಂತ', 'ಅದರಿಂದ ತೆಳ್ಳಗ ಆಗ್ತಾರಂತ' – ಈ ಎರಡ 'ಅಂತ'ಗಳ ಮ್ಯಾಲೆ ನಮ್ಮ ಹುಡುಗ್ಯಾರು ತಮ್ಮ ಎಲುವು, ರಕ್ತ, ಕೂದಲಾ ಎಲ್ಲಾ ಪಣಕ್ಕ ಇಟ್ಟಾರ. ಅದಕ್ಕ ಇವತ್ತ ಇಷ್ಟು ಉದ್ದ ಬರೀಲಿಕ್ಕೆ ಕೂತೇನಿ.

ಗೊತ್ತಿಲ್ಲದ ಮೌಶಿಗೋಳಿಗೆ, ಅತ್ಯಾಗೋಳಿಗೆ ಮೊದಲ ಒಂದ ಮಾತು. ವೀಗನ್ ಅಂದ್ರ ಬರೇ ಮಾಂಸ, ಮೀನಾ, ತತ್ತಿ ಬಿಡೋದಲ್ಲ. ಹಾಲು, ಮೊಸರು, ಬೆಣ್ಣಿ, ತುಪ್ಪ, ಪನೀರು, ಪೇಢೆ, ಜೇನತುಪ್ಪ ಸುದ್ಧಾ ಬಿಡೋದು. ಊಟಾ ಅಷ್ಟ ಅಲ್ಲ, ಚರ್ಮದ ಚಪ್ಪಲಿ, ರೇಷ್ಮಿ ಸೀರಿನೂ ಬಿಡಬೇಕು. ಈ ಶಬ್ದ ಹುಟ್ಟಿದ್ದು 1944ರಾಗ, ಇಂಗ್ಲಂಡಿನಾಗ. ಡೊನಾಲ್ಡ್ ವಾಟ್ಸನ್ ಅನ್ನಾಂವ, ಅವನ ಜೋಡಿ ಇನ್ನೊಂದಿಷ್ಟ ಮಂದಿ ಕೂಡಿ ವೀಗನ್ ಸೊಸೈಟಿ ಅಂತ ಮಾಡಿದ್ರು. ಆಗ ಯುದ್ಧದ ಕಾಲ. ಬೆಣ್ಣಿ, ಸಕ್ಕರಿ ಎಲ್ಲಾ ರೇಷನ್ ಮ್ಯಾಲೆ ಸಿಗ್ತಿತ್ತು. ತೆಳ್ಳಗ ಆಗ್ಲಿಕ್ಕೆ ಯಾರಿಗೂ ಬ್ಯಾರೆ ಉಪಾಯ ಬೇಕಾಗಿರಲಿಲ್ಲ. ಅವರ ಮಾತು ಒಂದ: ಮಾಂಸಾ ತಿನ್ನೂದು ತಪ್ಪಾದ್ರ, ಹಾಲಿನ ಸಲುವಾಗಿ ಆಕಳಾ-ಕರಾ ಅಗಲಿಸೋದು ಹೆಂಗ ಸರಿ ಅಂತ. ಆ ಪ್ರಶ್ನೆಕ್ಕ ಇವತ್ತಿಗೂ ಛೊಲೊ ಉತ್ತರಾ ನಮ್ಮ ಹತ್ರ ಇಲ್ಲ. ಅದು ಬ್ಯಾರೆ ಮಾತು, ಅಲ್ಲಿಗೆ ಆಮ್ಯಾಲೆ ಬರ್ತೇನಿ.

ಈಗ ನಮ್ಮ ಹುಡುಗ್ಯಾರ ಕಡೆ ಬರೂಣು. ಹಾಲು ಬಿಟ್ಟಾಕಿನ್ನ ಕೇಳ್ರಿ, 'ಯಾಕವಾ ಬಿಟ್ಟಿ?' ಕರುವಿನ ಹೆಸರು ಬರೂದಿಲ್ಲ. ಬರೋದು ಯಾವದರೆ ನಟಿದು, ಇಲ್ಲಾ ಕ್ರಿಕೆಟ್ ಆಡಾಂವಂದು, ಇಲ್ಲಾ ಫೋನಿನಾಗ ಹಸರ ಬಣ್ಣದ ಜ್ಯೂಸ್ ಹಿಡಕೊಂಡು ನಿಂತ ಹುಡುಗೀದು. ಇನ್ನೊಂದು ಪರೀಕ್ಷಾ ಹೇಳ್ತೇನಿ. ಮುಂದಿನ ತಿಂಗಳ ಮದವಿಗೆ ರೇಷ್ಮಿ ಸೀರಿ ಉಡ್ತಾಳೋ ಇಲ್ಲೋ ಕೇಳ್ರಿ. ಹಾಲು ಬಿಟ್ಟಾಳ, ರೇಷ್ಮಿ ಬಿಟ್ಟಿಲ್ಲ. ಅಂದ್ರ ಪ್ರಾಣಿ ದಯಾ ಅಲ್ಲ ಇದು, ತೂಕದ ಕಾಟಾ.

ದೊಡ್ಡ ಮಂದಿ ಮಾತು ಅಂತ ನಂಬ್ತಾರಲ್ಲ, ಆ ದೊಡ್ಡ ಮಂದಿ ಏನ ಮಾಡಿದ್ರು ಅಂತ ಪೂರ್ತಿ ನೋಡೂಣು. ಅರ್ಧಾ ಕಥಿ ಎಲ್ಲಾರಿಗೂ ಗೊತ್ತಿರ್ತದ, ಉಳಿದ ಅರ್ಧಾ ಯಾರೂ ಹೇಳೂದಿಲ್ಲ.

ಅಮೇರಿಕಾದ ಹಾಡುಗಾರ್ತಿ ಬಿಯಾನ್ಸೆ ಹೆಸರು ನಿಮ್ಮ ಮನಿ ಮಕ್ಕಳಿಗೆ ಗೊತ್ತದ. ಅಕಿ, ಅಕಿ ಗಂಡ ಜೇ-ಝಿ 2013ರ ಡಿಸೆಂಬರ್‌ದಾಗ 22 ದಿನಾ ವೀಗನ್ ಊಟಾ ಮಾಡ್ತೀವಿ ಅಂತ ಹೇಳಿದ್ರು. ಜಗತ್ತೆಲ್ಲಾ ಸುದ್ದಿ ಆತು. 2015ರಾಗ ಟಿವಿ ಮ್ಯಾಲೆ ಬಂದು ಅದನ್ನ ಮತ್ತ ಹೇಳಿದಳು. ಆದ್ರ ಆ ಹೊತ್ತಿಗೆ 22 ದಿನದ ಹೆಸರಿನ ಮ್ಯಾಲೆ ಮನಿಗೆ ಊಟಾ ಮುಟ್ಟಿಸೋ ಕಂಪನಿ ಶುರು ಆಗಿತ್ತು, ಅದರಾಗ ಅಕೀದೂ ಪಾಲಿತ್ತು. ನಮ್ಮ ಸಂತ್ಯಾಗ ಬದನಿಕಾಯಿ ಮಾರಾಕಿ 'ಬದನಿಕಾಯಿ ಭಾಳ ಛೊಲೊರಿ ಅಕ್ಕಾರ' ಅಂದ್ರ ನಾವು ನಕ್ಕೋತ ಎರಡ ಸಲಾ ತಿರುವಿ ನೋಡಿ ತಗೋತೀವಿ. ಬಿಯಾನ್ಸೆ ಅಂದ್ರ ಮಾತ್ರ ತಿರುವಿ ನೋಡೂದಿಲ್ಲ.

ಮುಂದ ಕೇಳ್ರಿ. 2017ರ ಜೂನ್‌ದಾಗ ಅಕಿಗೆ ಅವಳಿ-ಜವಳಿ ಹುಟ್ಟಿದವು. ಬಾಣಂತನಾ ಸುಲಭ ಇರಲಿಲ್ಲ. ಬಿಪಿ ಏರಿ, ಗಡಿಬಿಡಿಲೇ ಸಿಸೇರಿಯನ್ ಮಾಡಬೇಕಾತು. ಹಡೆಯೋ ದಿನಾ ಅಕಿ ತೂಕ 218 ಪೌಂಡ್, ಅಂದ್ರ ಸುಮಾರು 99 ಕಿಲೋ. ವರ್ಷ ತುಂಬೂದ್ರಾಗ, 2018ರ ಏಪ್ರಿಲ್‌ದಾಗ, ದೊಡ್ಡ ವೇದಿಕಿ ಮ್ಯಾಲೆ ಕುಣೀಬೇಕಿತ್ತು. ಅದಕ್ಕ ಅಕಿ ಏನೇನು ಬಿಟ್ಟಳು ಅಂತ 2019ರ ತನ್ನ ಚಿತ್ರದಾಗ ತಾನೇ ಹೇಳ್ಯಾಳ: ಬ್ರೆಡ್ ಇಲ್ಲ, ಸಕ್ಕರಿ ಇಲ್ಲ, ಹಾಲಿಂದು ಇಲ್ಲ, ಮಾಂಸಾ ಇಲ್ಲ, ಮೀನಾ ಇಲ್ಲ, ದಾರೂನೂ ಇಲ್ಲ, ಹಸಿವು ಮಾತ್ರ ಅದ ಅಂತ. ತಿಂಗಳುಗಟ್ಟಲೆ ದಿನಾ ತಾಸುಗಟ್ಟಲೆ ಕುಣದಾಳ. ಅದರ ಕಡೀಕ, ಇನ್ನೊಮ್ಮೆ ನಾ ನನ್ನ ಮೈಗೆ ಇಷ್ಟು ತ್ರಾಸ ಕೊಡೂದಿಲ್ಲ ಅಂತನೂ ಅದ ಚಿತ್ರದಾಗ ಹೇಳ್ಯಾಳ.

ಈಗ ನೀವು ಹೇಳ್ರಿ. ಅಕಿ ತೂಕ ಇಳದಿದ್ದು ಹಾಲು ಬಿಟ್ಟಿದ್ದಕ್ಕೋ, ಎಲ್ಲಾ ಬಿಟ್ಟು ಹಸದು ಕುಣದಿದ್ದಕ್ಕೋ? ಅದಕ್ಕಿಂತ ದೊಡ್ಡ ಮಾತು, ಅವಳಿ ಹಡೆದ ಬಾಣಂತಿ ಹಸಗೊಂಡು ಕುಣದ್ಲು ಅಂದ್ರ ನಮ್ಮ ಕಡೆ ಹೆಂಗಸರು ಏನಂತಿದ್ರು? ಅಂಟಿನ ಉಂಡಿ ಡಬ್ಬಿ ತಗೊಂಡು ಓಡಿ ಹೋಗ್ತಿದ್ರು. ಅದ ಹಸಿವಿಗೆ 'ವೀಗನ್ ಡಯಟ್' ಅಂತ ಹೆಸರಿಟ್ಟ ಕೂಡಲೇ ನಮ್ಮ ಹುಡುಗ್ಯಾರಿಗೆ ಅದು ಆದರ್ಶ ಆಗಿಬಿಡ್ತದ.

ನಮ್ಮ ವಿರಾಟ್ ಕೊಹ್ಲಿ ವಿಷಯಾನೂ ಹಂಗ. 'ಕೊಹ್ಲಿ ವೀಗನ್' ಅಂತ ಎಷ್ಟ ಕಡೆ ಓದೀರಿ? ಅಂವಾ 2018ರಾಗ ಮಾಂಸಾ ಬಿಟ್ಟ. ಯಾಕ ಬಿಟ್ಟೆ ಅಂತ ತಾನೇ ಹೇಳ್ಯಾನ: ದಕ್ಷಿಣ ಆಫ್ರಿಕಾದಾಗ ಆಡೋವಾಗ ಕುತ್ತಗಿ ಎಲುವಿನ ತ್ರಾಸ ಶುರು ಆತು, ಕಿರಿಬಳ್ಳ ಜುಮ್ ಅನ್ಲಿಕ್ಕೆ ಹತ್ತಿತು, ಯೂರಿಕ್ ಆಸಿಡ್ ಏರಿತ್ತು. ಅಂದ್ರ ಅವನ ಕಾರಣಾ ಅವನ ಮೈದು. 2021ರಾಗ ಏನ ಊಟಾ ಮಾಡ್ತಿ ಅಂತ ಮಂದಿ ಕೇಳಿದಾಗ ಪಲ್ಯ, ಬ್ಯಾಳಿ, ದ್ವಾಶಿ ಜೋಡಿ ತತ್ತಿನೂ ಅಂದ. ಮಂದಿ ಅವನ ಮ್ಯಾಲೆ ಮುಗಿಬಿದ್ರು. ಅಂವಾ, ನಾ ಯಾವಾಗೂ ವೀಗನ್ ಅಂತ ಹೇಳೇ ಇಲ್ಲ, ಸಸ್ಯಾಹಾರಿ ಅಂತ ಅಷ್ಟ ಹೇಳೇನಿ ಅಂದ. ಅಂವಾ ಹೇಳದ ಮಾತನ್ನ ನಂಬಿ ನಮ್ಮ ಹುಡುಗಿ ಮಜ್ಜಿಗಿ ಬಿಟ್ಟಾಳ! ಅವನ ಕುತ್ತಗಿ ಬ್ಯಾನಿಗೂ ಇಕಿ ಮಜ್ಜಿಗಿಗೂ ಏನ ಸಂಬಂಧ?

ಬಿಲ್ ಕ್ಲಿಂಟನ್, ಅಮೇರಿಕಾದ ಅಧ್ಯಕ್ಷ ಇದ್ದಾಂವ. 2004ರಾಗ ಹೃದಯದ ಬೈಪಾಸ್ ಆತು, 2010ರಾಗ ಸ್ಟೆಂಟ್ ಹಾಕಿದ್ರು, ಆಮ್ಯಾಲೆ ಮಾಂಸಾ, ಹಾಲು ಎಲ್ಲಾ ಬಿಟ್ಟ. 24 ಪೌಂಡ್ ಇಳಿಸಿದ. ಖರೇ ಅದ, ಅವಗ ಛೊಲೊನೂ ಆತು. ಆದ್ರ ಅಂವಾ ಬರ್ಗರ್ ತಿಂದು ತಿಂದು ಹೃದಯಾ ಕೆಡಿಸ್ಕೊಂಡಾಂವ. ಮುಂದ ಕೆಲವ ವರ್ಷಕ್ಕ ಡಾಕ್ಟರ್ ಮಾತು ಕೇಳಿ ವಾರಕ್ಕೊಮ್ಮೆ ಮೀನಾ ತಿನ್ಲಿಕ್ಕೆ ಶುರು ಮಾಡಿದ. ಹಾಡುಗಾರ್ತಿ ಮೈಲಿ ಸೈರಸ್ ವರ್ಷಗಟ್ಟಲೆ ವೀಗನ್ ಇದ್ದು, ತ್ರಾಸ ಆಗ್ತದ ಅಂತ ಮೀನಾ ತಿನ್ಲಿಕ್ಕೆ ಹತ್ತೇನಿ ಅಂತ 2020ರಾಗ ಹೇಳಿದ್ಲು. ಅವರು ತಪ್ಪು ಮಾಡ್ಯಾರ ಅಂತ ನಾ ಅನ್ನೂದಿಲ್ಲ, ಅವರವರ ಮೈ ಅವರವರಿಗೆ. ಆದ್ರ ಅವರ ಹಿಂದ ಡಾಕ್ಟರ್ ಇರ್ತಾರ, ಅಡಗಿಯವರಿರ್ತಾರ, ರಕ್ತ ತಪಾಸಣಿ ಇರ್ತದ. ಬ್ಯಾಡಾದಾಗ ಬಿಟ್ಟು ಹೊಂಟಬಿಡ್ತಾರ. ನಮ್ಮ ಹುಡುಗಿ ಹಿಂದ ಇರೋದು ಏನು? ಒಂದ ಫೋನು.

ಇನ್ನ ತೂಕದ ಮಾತು. ಪೂರ್ತಿ ಸುಳ್ಳು ಅಂತ ನಾ ಹೇಳೂದಿಲ್ಲ. ದಿನಾ ಮಾಂಸಾ, ಚೀಸು, ಬೆಣ್ಣಿ ತಿನ್ನಾವ್ರು ಅವೆಲ್ಲಾ ಬಿಟ್ಟು ಕಾಳು, ಕಾಯಿಪಲ್ಯ, ಹಣ್ಣು ತಿಂದ್ರ ತೂಕ ಇಳೀತದ. ನಾರಿನಂಶ ಹೆಚ್ಚಾಗ್ತದ, ಹೊಟ್ಟಿ ಲಗೂ ತುಂಬ್ತದ, ಕ್ಯಾಲರಿ ಕಡಿಮಿ ಆಗ್ತದ. ಆದ್ರ ಅದು ಅಲ್ಲಿ ತಾಟಿನ ಲೆಕ್ಕಾ. ನಮ್ಮ ತಾಟಿನಾಗ ಬಿಡ್ಲಿಕ್ಕೆ ಏನದ? ತೆಳ್ಳನ ಮಜ್ಜಿಗಿ ಒಂದ ಗ್ಲಾಸಿಗೆ 30-40 ಕ್ಯಾಲರಿ. ಅನ್ನದ ಮ್ಯಾಲೆ ಒಂದ ಸಣ್ಣ ಚಮಚಾ ತುಪ್ಪ ಅಂದ್ರ 45. ಇವೆರಡೂ ಬಿಟ್ಟು ಸಂಜೀಕೆ ಮಿರ್ಚಿ ತಿಂದ್ರ ಏನ ಉಳೀತು? ಒಂದ ದೊಡ್ಡ ಚಮಚಾ ಎಣ್ಣಿಗೆ 120 ಕ್ಯಾಲರಿ.

ಮಿರ್ಚಿ ವೀಗನ್ ಅದರಿ. ಗಿರ್ಮಿಟ್ ವೀಗನ್, ಚುರಮರಿ ವೀಗನ್, ಶೇಂಗಾ ಹೋಳಿಗಿ ತುಪ್ಪಿಲ್ಲದ ತಿಂದ್ರ ವೀಗನ್, ಸಕ್ಕರಿ ವೀಗನ್, ಬಾಟ್ಲಿದಾಗಿನ ಕೋಲಾನೂ ವೀಗನ್. ಮೂರು ಹೊತ್ತು ವೀಗನ್ ತಿಂದು ಬಾಗಲಾ ಹಿಡಿಸದಷ್ಟು ದಪ್ಪ ಆಗಬಹುದು. ತೂಕ ಕೇಳೋದು ಎಷ್ಟು ತಿಂದಿ, ಎಷ್ಟು ಅಡ್ಡಾಡಿದಿ ಅಂತ. ಆಕಳಿಂದೋ, ಗಿಡದ್ದೋ ಅಂತ ಅದು ಕೇಳೂದಿಲ್ಲ.

ಹಾಲು ಬಿಟ್ಟು ಬಾದಾಮಿ ಹಾಲು ಅಂತ ಡಬ್ಬಿ ತರ್ತಾರಲ್ಲ, ಅದರ ಹಿಂದ ಬರದಿದ್ದನ್ನ ಓದ್ರಿ. ಒಂದ ಕಪ್ ಆಕಳ ಹಾಲಿನಾಗ ಸುಮಾರು 8 ಗ್ರಾಂ ಪ್ರೋಟೀನ್ ಇರ್ತದ, ಡಬ್ಬಿ ಬಾದಾಮಿ ಹಾಲಿನಾಗ ಒಂದ ಗ್ರಾಂ ಆಜೂಬಾಜೂ. ಉಳಿದದ್ದು ನೀರು. ನೀರಿಗೆ ಹಾಲಿನಕಿಂತ ಎಷ್ಟೋ ಪಟ್ಟು ರೊಕ್ಕಾ ಕೊಟ್ಟು, ಗಂವ್ಳಿಗ 'ಹಾಲಿಗೆ ನೀರ ಹಾಕ್ತೀ' ಅಂತ ಜಗಳಾ ತಗಿಯೋ ಮಂದಿ ನಾವು! ಸೋಯಾ ಹಾಲಾದ್ರ ಮಾತು ಬ್ಯಾರೆ, ಅದರಾಗ ಪ್ರೋಟೀನ್ ಹಾಲಿನ ಸರಿಸಮ ಇರ್ತದ. ಆದ್ರ ಫೋನಿನಾಗಿನ ಹುಡುಗಿ ಬಾದಾಮಿ ಡಬ್ಬಿನ ಹಿಡಕೊಂಡಿರ್ತಾಳ, ಅದಕ್ಕ ಇವರಿಗೂ ಅದ ಬೇಕು.

ಇನ್ನ ನಿಜವಾಗಿ ಅಂಜಿಕಿ ಇರೋ ಮಾತಿಗೆ ಬರ್ತೇನಿ. ಬಿ12 ಅನ್ನೋ ಜೀವಸತ್ವ ಗಿಡಾ-ಮರದಾಗ ನಂಬೂವಷ್ಟು ಎಲ್ಲೂ ಇಲ್ಲ. ಮಾಂಸಾ ತಿನ್ನಾವ್ರಿಗೆ ಮಾಂಸದಿಂದ, ತತ್ತಿಯಿಂದ ಬರ್ತದ. ನಮ್ಮಂಥಾ ಮನಿಗೆ ಅದು ಬರೋ ಬಾಗಲಾ ಒಂದ, ಹಾಲು-ಮೊಸರು. ಆ ಒಂದ ಬಾಗಲದಿಂದಲೂ ಸಾಕಷ್ಟು ಬರೂದಿಲ್ಲ, ಅದಕ್ಕ ನಮ್ಮ ಸಸ್ಯಾಹಾರಿ ಮನಿಗಳಾಗ ಮೊದಲ ಬಿ12 ಕಡಿಮಿ. ಅಮೇರಿಕಾದಾಕಿ ಹಾಲು ಬಿಟ್ರ ಅಕಿ ಯಕೃತ್ತಿನಾಗ ವರ್ಷಗಟ್ಟಲೆ ಸಾಲೋವಷ್ಟು ಬಿ12 ಕೂಡಿಟ್ಟಿರ್ತದ. ನಮ್ಮ ಹುಡುಗಿ ಖಾಲಿ ಡಬ್ಬಿ ಇಟಗೊಂಡು ಶುರು ಮಾಡ್ತಾಳ. ಇಡ್ಲಿ-ದ್ವಾಶಿ ಹಿಟ್ಟು ಹುಳಿ ಬಂದ್ರ ಬಿ12 ಬರ್ತದ ಅಂತ ಯಾರರೆ ಹೇಳಿದ್ರ ನಂಬಿ ಕೂಡಬ್ಯಾಡ್ರಿ.

ಕಡಿಮಿ ಆದ್ರ ಏನಾಗ್ತದ? ಮೊದಲ ದಣಿವು, ಬಾಯಾಗ ಹುಣ್ಣು. ಆಮ್ಯಾಲೆ ಕೈಕಾಲು ಜುಮ್ ಅನ್ನೋದು, ಮರುವು, ಸಣ್ಣ ಸಣ್ಣ ಮಾತಿಗೆ ಅಳು. ಭಾಳ ದಿನಾ ಬಿಟ್ರ ನರಗಳಿಗೆ ಆದ ಪೆಟ್ಟು ಪೂರ್ತಿ ಸುಧಾರಿಸೂದಿಲ್ಲ. ಬಸರಿ ಇದ್ದಾಗ, ಮಗುವಿಗೆ ಹಾಲು ಕುಡಸೋವಾಗ ತಾಯಿಗೆ ಬಿ12 ಕಡಿಮಿ ಇದ್ರ ಕೂಸಿಗೆ ಪೆಟ್ಟು ಹತ್ತತದ. ಕೂಸು ಮಂಕಾಗ್ತದ, ನಗೂದು ಬಿಡ್ತದ, ಕುತ್ತಗಿ ನಿಲ್ಲಸೋದು ತಡಾ ಆಗ್ತದ, ಕೈಕಾಲು ನಡಗತಾವ. ನಮ್ಮ ದೇಶದ ಮಕ್ಕಳ ಡಾಕ್ಟರಿಗೆ ಇದು ಹಳೇ ಪರಿಚಯದ ರೋಗ. ಮದವಿಗೆ ತೆಳ್ಳಗ ಕಾಣಬೇಕಂತ ಹಾಲು ಬಿಟ್ಟಾಕಿ, ವರ್ಷ ತುಂಬೂದ್ರಾಗ ಬಸರಿ ಆಗ್ತಾಳ. ಲೆಕ್ಕಾ ನೀವ ಹಾಕ್ರಿ.

ರಕ್ತದ ಮಾತೂ ಅಷ್ಟ. ಸರಕಾರದ 2019-21ರ ಆರೋಗ್ಯ ಸಮೀಕ್ಷಾ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಂಗಸರಾಗ ನೂರಕ್ಕ 57 ಮಂದಿಗೆ ರಕ್ತ ಕಡಿಮಿ. ಇಂಥಾ ಮಂದ್ಯಾಗ ಊಟಾ ಕಡಿಮಿ ಮಾಡೋದನ್ನ ಫ್ಯಾಶನ್ ಮಾಡಿದ್ರ ಏನಾಗಬೇಕು? ನಮ್ಮ ಬಳಗದಾಗ ಒಬ್ಬ ಹುಡುಗಿ, ಇಪ್ಪತ್ತೆರಡ ವರ್ಷದಾಕಿ. ಜಿಮ್ಮಿನ ಹುಡುಗ ಒಬ್ಬ 'ಡೇರಿ ಬಿಡು, ಹೊಟ್ಟಿ ಇಳೀತದ' ಅಂದಿದ್ದ. ಆರು ತಿಂಗಳದಾಗ ಆರು ಕಿಲೋ ಇಳದಳು, ಎಲ್ಲಾರೂ ಹೊಗಳಿದ್ರು. ಏಳನೇ ತಿಂಗಳ ಬಾಚಣಿಕಿ ತುಂಬ ಕೂದಲಾ, ಮುಟ್ಟು ನಿಂತಿತ್ತು, ಮಾಳಗಿ ಹತ್ತಿದ್ರ ಉಸರ ಕಟ್ತಿತ್ತು. ರಕ್ತ ತೋರಿಸಿದ್ರ ಬಿ12 ಇಲ್ಲ, ಹಿಮೋಗ್ಲೋಬಿನ್ ಇಲ್ಲ. ಸೂಜಿ, ಗುಳಿಗಿ ಮ್ಯಾಲೆ ಸುಧಾರಿಸಿದಳು. ಜಿಮ್ಮಿನಾಂವಗ ಕೇಳಿದ್ರ, ನಾ ಏನ ಡಾಕ್ಟರೇನ್ರಿ ಅಂದನಂತ.

ಇಲ್ಲಿಗೆ 'ನೋಡ್ರಿ, ಈಗಿನ ಹುಡುಗ್ಯಾರು ಹಿಂಗ' ಅಂತ ನೀವು ತಲಿ ಹಾಕ್ಲಿಕ್ಕೆ ಹತ್ತಿರಬೇಕು. ತಡೀರಿ. ಆ ನಟಿ, ಆ ಆಟಗಾರ ಬರೇ ದಾರಿ ತೋರಿಸ್ತಾರ. ಹುಡುಗಿನ್ನ ಆ ದಾರಿಗೆ ದೂಡಾವ್ರು ಮನ್ಯಾಗ ಇರ್ತಾರ. ಕುಬುಸದ ಕಾರ್ಯಕ್ರಮ ಇರ್ಲಿ, ನಾಮಕರಣ ಇರ್ಲಿ, ಹುಡುಗಿ ಚಪ್ಪಲಿ ಬಿಡೂದ್ರಾಗ ಮೊದಲ ಮಾತು ಏನು? 'ಏನವಾ, ಎಷ್ಟ ದಪ್ಪ ಆಗೀ!' ಹೆಂಗಿದ್ದಿ ಅಂತಿಲ್ಲ, ಪರೀಕ್ಷಾ ಹೆಂಗಾತು ಅಂತಿಲ್ಲ. ಹುಡುಗನ ಕಡೆಯವರು 'ಹುಡುಗಿ ಸ್ವಲ್ಪ ಮೈಕಟ್ಟು' ಅಂತ ಫೋನ್ ಮಾಡಿದ್ರ, ಆ ಮಾತನ್ನ ಅಕಿ ಕಿವಿಗೆ ಬೀಳೂಹಂಗ ಮನಿ ಹೆಂಗಸರ ಆಡ್ಕೋತಾರ. ಇಳದು ಬಂದ್ರ 'ಅಗ್ದಿ ಹೀರೋಯಿನ್ ಆಗೀ ನೋಡು' ಅಂತ ದೃಷ್ಟಿ ತಗೀತಾರ. ಮುಟ್ಟು ನಿಂತಾಕಿಗೆ ದೃಷ್ಟಿ ತಗದ್ರ ಏನ ಬಂತು?

ಹುಡುಗಿ ಸೀದಾ 'ನಾ ಡಯಟ್ ಮಾಡ್ತೇನಿ' ಅಂದ್ರ ಅಜ್ಜಿ ಬಿಡೂದಿಲ್ಲ, ಎರಡ ರೊಟ್ಟಿ ಹೆಚ್ಚ ಹಾಕ್ತಾಳ. 'ನಾ ವೀಗನ್' ಅಂದ್ರ ಯಾರೂ ಒತ್ತಾಯ ಮಾಡೂದಿಲ್ಲ. ಏನೋ ವ್ರತ ಇದ್ದಂಗ ಅಂತ ಸುಮ್ನ ಆಗ್ತಾರ. ಈ ಶಬ್ದದ ಆಡಾಗ ಎಷ್ಟ ಹುಡುಗ್ಯಾರು ಹಸಗೊಂಡು ಕೂತಾರೋ. ಅದಕ್ಕ ನಾ ಒಂದ ಗುರ್ತಾ ಹೇಳ್ತೇನಿ. ವೀಗನ್ ಅಂದಾಕಿ ಮುಂದ ವೀಗನ್ ತಾಟ ಇಡ್ರಿ. ಜ್ವಾಳದ ರೊಟ್ಟಿ, ಎಣಗಾಯಿ, ಮಡಕಿಕಾಳ ಉಸಳಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಇದರಾಗ ಒಂದ ಹನಿ ಹಾಲಿಲ್ಲ, ತುಪ್ಪಿಲ್ಲ. ಹೊಲಕ್ಕ ಹೋಗೋ ಮಂದಿ ಇದನ್ನ ಹೆಸರಿಡದ ತಲೆತಲಾಂತರದಿಂದ ಉಂಡಾರ. ಹುಡುಗಿ ಇದನ್ನ ಹೊಟ್ಟಿ ತುಂಬ ಉಂಡ್ರ ಅಕಿ ಖರೇನ ವೀಗನ್, ಅಕಿನ್ನ ಅಕಿ ಪಾಡಿಗೆ ಬಿಡ್ರಿ. ಇದನ್ನೂ ಸರಿಸಿ, ಸೌತಿಕಾಯಿ ಎರಡ ತುಂಡು ತಿಂದು ಎದ್ರ ಅದು ವೀಗನ್ ಅಲ್ಲ. ಅದು ಹೆದರಿಕಿ. ಅಂಥಾಕಿಗೆ ಬೈಗಳಾ ಬ್ಯಾಡ, ಒತ್ತಾಯ ಬ್ಯಾಡ, ಡಾಕ್ಟರ್ ಬೇಕು. ಮನಸ್ಸಿನ ಡಾಕ್ಟರೂ ಬೇಕಾಗಬಹುದು. ಅದರಾಗ ನಾಚಗೊಳ್ಳೂದೇನಿಲ್ಲ.

'ಕಾರಣಾ ಯಾವದರೆ ಇರ್ಲಿ, ಆಕಳಕ್ಕ ಛೊಲೊ ಆತಲ್ಲ' ಅಂತ ಒಬ್ಬಾಕಿ ಶಾಣ್ಯಾ ಹುಡುಗಿ ನನ್ನ ಜೋಡಿ ವಾದಾ ಮಾಡಿದ್ಲು. ಅಕಿ ಮಾತಿನಾಗ ತಥ್ಯ ಅದ. ತೂಕದ ಸಲುವಾಗಿ ಬಂದು, ಕರುವಿನ ಕಥಿ ತಿಳದು ಅಲ್ಲೇ ನಿಂತಾವ್ರೂ ಅದಾರ. ಹೆಸರಾಂತ ಮಂದಿ ಹೇಳಿದ್ದಕ್ಕ ನಮ್ಮ ಊರ ಅಂಗಡ್ಯಾಗ ಸೋಯಾ ಹಾಲು ಸಿಗಲಿಕ್ಕೆ ಹತ್ತೇದ, ಹಾಲು ಪಚನ ಆಗದಾವ್ರಿಗೆ ಅನುಕೂಲ ಆಗೇದ. ಅದನ್ನೂ ಒಪ್ಪತೇನಿ. ಆದ್ರ ತೂಕದ ಸಲುವಾಗಿ ಬಂದಾಕಿ ತೂಕ ಇಳೀಲಿಲ್ಲ ಅಂದ್ರ ಬಿಡ್ತಾಳ, ಇಳೀತು ಅಂದ್ರೂ 'ಕೆಲಸ ಆತು' ಅಂತ ಬಿಡ್ತಾಳ. ಬಿಟ್ಟಮ್ಯಾಲೆ 'ಅಯ್ಯ, ವೀಗನ್ ಎಲ್ಲಾ ಸುಳ್ಳ' ಅಂತ ಊರ ತುಂಬ ಹೇಳ್ತಾಳ. ಆಕಳಿಗೆ ಛೊಲೊ ಆಗೋದು ದೂರ ಉಳೀತು, ಖರೇ ಮನಸ್ಸಿನಿಂದ ಬಿಟ್ಟಾವ್ರ ಹೆಸರೂ ಕೆಡ್ತದ.

ಇದನ್ನ ನನಗಿಂತ ಛೊಲೊ ಹೇಳಿದಾಂವ ಗಾಂಧೀಜಿ. 1931ರ ನವೆಂಬರ್‌ದಾಗ, ದುಂಡು ಮೇಜಿನ ಪರಿಷತ್ತಿಗೆ ಹೋದಾಗ, ಲಂಡನ್ನಿನ ಸಸ್ಯಾಹಾರಿ ಸಂಘದಾಗ ಮಾತಾಡಿದ್ರು. ಬರೇ ಆರೋಗ್ಯದ ಸಲುವಾಗಿ ಮಾಂಸಾ ಬಿಟ್ಟಾವ್ರು ಬಹಳಷ್ಟು ಮಂದಿ ವಾಪಸ್ ಹೋಗ್ತಾರ, ನಿಲ್ಲಬೇಕಂದ್ರ ಬುಡದಾಗ ನೀತಿ ಇರಬೇಕು ಅನ್ನೋದು ಅವರ ಮಾತಿನ ಸಾರ. ಅವರೂ 1912ರಾಗ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಾಗ ಹಾಲು ಬಿಟ್ಟಿದ್ರು. ಕಲಕತ್ತಾದ ಕಡೆ ಹಾಲು ಕರಿಯಾವ್ರು ಆಕಳಿಗೆ ಎಂಥಾ ಹಿಂಸಾ ಕೊಡ್ತಾರ ಅಂತ ಓದಿದ್ದೂ ಅದಕ್ಕೊಂದು ಕಾರಣಾ. ಮುಂದ ಆಮಶಂಕಿ ಆಗಿ ಸಾಯೋ ಸ್ಥಿತಿ ಬಂದಾಗ ಡಾಕ್ಟರ್ ಹಾಲು ಬೇಕ ಬೇಕು ಅಂದ್ರು. ಕಸ್ತೂರಬಾ ಆಡಿನ ಹಾಲಿನ ದಾರಿ ತೋರಿಸಿದ್ರು. ಅಂವಾ ಕುಡದ್ರು, ಆದ್ರ ವ್ರತದ ಅಕ್ಷರ ಉಳೀತು, ಜೀವಾ ಹೋತು ಅಂತ ಕಡೀತನಕಾ ಮರಗಿದ್ರು. ನೋಡ್ರಿ, ದೊಡ್ಡ ಮನಷ್ಯಾನ ಹಿಂದ ಹೋಗೂದ ಇದ್ರ ಇಂಥಾವ್ರ ಹಿಂದ ಹೋಗ್ರಿ. ಬಿಟ್ಟಿದ್ದು ಯಾಕಂತನೂ ಹೇಳಿದ್ರು, ಮತ್ತ ಹಿಡದಿದ್ದು ಯಾಕಂತನೂ ಮುಚ್ಚಲಿಲ್ಲ. ಜೀವದ ಪ್ರಶ್ನೆ ಬಂದಾಗ ಮನಿ ಹೆಂಗಸಿನ ಮಾತೂ ಕೇಳಿದ್ರು.

ನಮ್ಮ ಅಜ್ಜಿಗೋಳೂ ಹಾಲು ಬಿಟ್ಟಾವ್ರ. ಚಾತುರ್ಮಾಸದಾಗ ಮೊದಲನೇ ತಿಂಗಳ ಶಾಕವ್ರತ, ಎರಡನೇದು ದಧಿವ್ರತ, ಮೂರನೇದು ಕ್ಷೀರವ್ರತ, ನಾಲ್ಕನೇದು ದ್ವಿದಳ. ಒಂದ ತಿಂಗಳ ಕಾಯಿಪಲ್ಯ ಇಲ್ಲ, ಒಂದ ತಿಂಗಳ ಮೊಸರಿಲ್ಲ, ಒಂದ ತಿಂಗಳ ಹಾಲಿಲ್ಲ, ಒಂದ ತಿಂಗಳ ಬ್ಯಾಳಿ ಇಲ್ಲ. ಈ ಪದ್ಧತಿಯೊಳಗಿನ ಶಾಣ್ಯಾತನಾ ನೋಡ್ರಿ. ನಾಲ್ಕೂ ಒಮ್ಮೆಗೆ ಬಿಡಲಿಲ್ಲ. ಒಂದು ಬಿಟ್ರ ಇನ್ನೊಂದು ತಾಟಿನಾಗ ಇರ್ತಿತ್ತು. ಬಿಟ್ಟು ಎಷ್ಟ ಇಳದೇನಿ ಅಂತ ಯಾವ ಅಜ್ಜಿನೂ ತೂಕದ ಕಾಟಾ ಹತ್ತಲಿಲ್ಲ.

ಇನ್ನ ಕರುವಿನ ಮಾತಿಗೆ ಬರ್ತೇನಿ ಅಂದಿದ್ದೆ. ಎಮ್ಮಿ ಇರ್ಲಿ, ಆಕಳ ಇರ್ಲಿ, ಕರಾ ಹಾಕದ ಹಾಲು ಬರೂದಿಲ್ಲ. ಹುಟ್ಟಿದ್ದು ಗಂಡಗರಾ ಆದ್ರ? ಮೊದಲ ಹೊಲಾ ಹೂಡ್ತಿತ್ತು, ಬಂಡಿ ಎಳೀತಿತ್ತು. ಈಗ ಟ್ರ್ಯಾಕ್ಟರ್ ಬಂದದ. ಎಮ್ಮಿ ಗಂಡಗರಕ್ಕ ಅಂತೂ ಮೊದಲಿಂದ ಕೇಳಾವ್ರಿಲ್ಲ. ಅದು ಎಲ್ಲಿ ಹೋಗ್ತದ ಅಂತ ನಾವು ಯಾರೂ ಕೇಳೂದಿಲ್ಲ, ಚಹಾದಾಗ ಹಾಲು ಹಾಕ್ಕೋತೀವಿ. ಈ ಪ್ರಶ್ನೆ ಕೇಳಿ ಹಾಲು ಬಿಟ್ಟ ಹುಡುಗಿ ಮುಂದ ನಾ ವಾದಾ ಮಾಡೂದಿಲ್ಲ. ಅಂಥಾಕಿ ಮಿರ್ಚಿ ತಿಂದು ದಪ್ಪ ಆದ್ರೂ ವೀಗನ್ನ ಉಳೀತಾಳ, ಯಾಕಂದ್ರ ಅಕಿ ಲೆಕ್ಕಾ ಸೊಂಟದ ಮ್ಯಾಲೆ ಇಲ್ಲ.

ಅಂಥಾಕಿ ನಿಮ್ಮ ಮನ್ಯಾಗ ಇದ್ರ ಆಡಕೊಂಡು ನಗಬ್ಯಾಡ್ರಿ, ಸಹಾಯ ಮಾಡ್ರಿ. ಡಾಕ್ಟರಿಗೆ ಕೇಳಿ ಬಿ12 ಗುಳಿಗಿ ಶುರು ಮಾಡಸ್ರಿ, ವರ್ಷಕ್ಕೊಮ್ಮೆ ರಕ್ತ ತೋರಸ್ರಿ, ಇದು ಬಿಡೂಹಂಗಿಲ್ಲ. ದೊಡ್ಡ ಹೆಂಗಸಿಗೆ ದಿನಕ್ಕ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗ್ಯಾಗ ಸುಮಾರು 350 ಇರ್ತದ, ಸಿಪ್ಪಿ ಸಮೇತ ಎಳ್ಳಿನಾಗ ಅದರ ಎರಡ-ಮೂರ ಪಟ್ಟು. ಆದ್ರ ಇವುಗಳೊಳಗಿಂದು ಮೈಗೆ ಹತ್ತೋದು ಹಾಲಿನಕಿಂತ ಕಡಿಮಿ, ಅದಕ್ಕ ಧಾರಾಳ ಕೈ ಬೇಕು: ರಾಗಿ ಅಂಬಲಿ, ಎಳ್ಳ ಹಿಂಡಿ, ರಾಜಗಿರಿ ಪಲ್ಯ ದಿನಾ ಒಂದಿಲ್ಲೊಂದು. ಎರಡೂ ಹೊತ್ತು ಕಾಳು ಇಲ್ಲಾ ಬ್ಯಾಳಿ ಇರಬೇಕು. ಪಲ್ಯದ ಮ್ಯಾಲೆ ಲಿಂಬಿಹಣ್ಣು ಹಿಂಡ್ರಿ, ಕಬ್ಬಿಣಾಂಶ ಹತ್ತತದ. ಊಟದ ಜೋಡಿ ಚಹಾ ಬ್ಯಾಡ, ಅದು ಕಬ್ಬಿಣಾಂಶಕ್ಕ ಅಡ್ಡ ಬರ್ತದ. ಬಸರಿ ಇದ್ರ, ಕೂಸಿಗೆ ಹಾಲು ಕುಡಸೋವಾಗ ಡಾಕ್ಟರಿಗೆ ಕೇಳದ ಒಂದ ಹೆಜ್ಜಿನೂ ಇಡಬ್ಯಾಡ್ರಿ.

ತೂಕ ಇಳಸೋದ ಇದ್ರ? ಇಳಸ್ರಿ, ಬ್ಯಾಡ ಅಂದಾವ್ರು ಯಾರು? ಸಕ್ಕರಿ ರೋಗ, ಮೊಣಕಾಲು ಬ್ಯಾನಿ ಇದ್ದಾವ್ರು ಇಳಸಬೇಕ. ಎಣ್ಣಿ ಅರ್ಧಾ ಮಾಡ್ರಿ, ಬೇಕರಿ ಖಾರಾ-ಬಿಸ್ಕೀಟ ಬಿಡ್ರಿ, ಚಹಾದ ಸಕ್ಕರಿ ಕಡಿಮಿ ಮಾಡ್ರಿ, ದಿನಾ ಮುಕ್ಕಾಲು ತಾಸು ಅಡ್ಡಾಡ್ರಿ. ಇದರಾಗ ಆಕಳದ್ದೇನೂ ತಪ್ಪಿಲ್ಲ. ಆದ್ರ ಇದನ್ನ ಹೇಳಾಕಿಗೆ ಯಾರೂ ಫೋನಿನಾಗ ಲೈಕ್ ಒತ್ತೂದಿಲ್ಲ, ಯಾವ ಕಂಪನಿನೂ ರೊಕ್ಕಾ ಕೊಡೂದಿಲ್ಲ.

ಮುಂದಿನ ತಿಂಗಳ ಮದವಿ ಸೀಜನ್ ಶುರು. ಎಲ್ಲಾರೂ ಭೆಟ್ಟಿ ಆಗೋರು, ಅಕ್ಕಗೋಳು, ವೈನಿಗೋಳು, ಅತ್ಯಾಗೋಳು. ಹುಡುಗ್ಯಾರು ಎದುರಿಗೆ ಬಂದ್ರ ದಪ್ಪ ಆಗೀ, ತೆಳ್ಳಗ ಆಗೀ ಎರಡೂ ಮಾತು ಬಿಡ್ರಿ. ಹಾಲು ಬಿಡೋದು ಬಿಡೋದು ಅವರ ಇಚ್ಛಾ. ಈ ಮಾತು ಬಿಡೋದು ಮಾತ್ರ ನಿಮ್ಮ ಕೈಯಾಗ ಅದ, ಅದಕ್ಕ ಬಿ12 ಗುಳಿಗಿನೂ ಬೇಕಾಗೂದಿಲ್ಲ.